ತುಂಡುಗೆರೆಗೆ ಎರಡು ಅಳತೆ: ಕ್ಯಾಡ್ ನಕ್ಷೆಯಲ್ಲಿ ಕಾಣದ ಅಂಚುಗಳ ಲೆಕ್ಕಾಚಾರ

ಮನೆಯ ಪ್ಲ್ಯಾನ್ ಆಗಲಿ, ಯಂತ್ರದ ಬಿಡಿಭಾಗದ ನಕ್ಷೆಯಾಗಲಿ, ಅದರಲ್ಲಿರುವ ಪ್ರತಿಯೊಂದು ಗೆರೆಯೂ ತನ್ನ ರೂಪದಿಂದಲೇ ಒಂದು ಮಾತನ್ನು ಹೇಳುತ್ತದೆ. ದಪ್ಪನೆಯ ಅಖಂಡ ಗೆರೆ ಕಣ್ಣಿಗೆ ಕಾಣುವ ಅಂಚನ್ನು ಸೂಚಿಸಿದರೆ, ಸಣ್ಣ ತುಂಡುಗಳಾಗಿ ನಡುನಡುವೆ ತೆರಪು ಬಿಟ್ಟು ಸಾಗುವ ಗೆರೆ ಅಲ್ಲೊಂದು ಅಂಚು ಇದೆಯೆಂದೂ, ನೋಡುವ ದಿಕ್ಕಿನಿಂದ ಅದು ಮರೆಯಾಗಿದೆಯೆಂದೂ ತಿಳಿಸುತ್ತದೆ. ನಕ್ಷೆ ಕಚೇರಿಗಳಲ್ಲಿ ಡಾಟೆಡ್ ಲೈನ್ ಅಥವಾ ಹಿಡನ್ ಲೈನ್ ಎಂದು ಕರೆಯಲಾಗುವ ಈ ತುಂಡುಗೆರೆ ಕೈಯಲ್ಲಿ ಎಳೆಯುವವರಿಗೆ ತಾಳ್ಮೆಯ ಕೆಲಸವಾಗಿತ್ತು. ಕಂಪ್ಯೂಟರ್ ನೆರವಿನ ವಿನ್ಯಾಸ, ಅಂದರೆ ಕ್ಯಾಡ್ ತಂತ್ರಾಂಶಗಳು ಬಂದ ಮೇಲೆ ಅದು ಲೆಕ್ಕದ ಕೆಲಸವಾಯಿತು. ಕ್ಯಾಡ್ ಕಲಿಯತೊಡಗಿದವರು ಪಟ್ಟಿಯಿಂದ ತುಂಡುಗೆರೆಯನ್ನೇ ಆರಿಸಿಕೊಂಡರೂ ಪರದೆಯ ಮೇಲೆ ಅಖಂಡ ಗೆರೆಯೇ ಮೂಡುವುದನ್ನು ಕಂಡು ಗೊಂದಲಕ್ಕೀಡಾಗುವುದು ಸಾಮಾನ್ಯ. ಈ ತೊಡಕನ್ನು ಬೆನ್ನುಹತ್ತಿದರೆ ತುಂಡುಗೆರೆಯ ಸ್ವಭಾವವೇ ಬಯಲಾಗುತ್ತದೆ: ಗೆರೆಯ ಉದ್ದ ವಸ್ತುವಿಗೆ ಸೇರಿದ್ದು, ತುಂಡುಗಳ ಉದ್ದ ಮಾತ್ರ ಹಾಳೆಗೆ ಸೇರಿದ್ದು.

ಗೆರೆಗಳ ವ್ಯಾಕರಣ

ತುಂಡುಗೆರೆಯ ಅರ್ಥ ಎಲ್ಲ ಕ್ಷೇತ್ರಗಳಲ್ಲಿ ಒಂದೇ ಅಲ್ಲ. ಯಂತ್ರಭಾಗದ ನಕ್ಷೆಯಲ್ಲಿ ಅದು ಲೋಹದ ಒಳಗೆ ಕೊರೆದ ರಂಧ್ರದ ಗೋಡೆಯನ್ನೋ ಹಿಂಬದಿಯ ಮೆಟ್ಟಿಲಿನಂಥ ಅಂಚನ್ನೋ ತೋರಿಸುತ್ತದೆ. ಕಟ್ಟಡದ ಪ್ಲ್ಯಾನ್‌ನಲ್ಲಿ ಅದರ ಕೆಲಸ ಬೇರೆ. ಪ್ಲ್ಯಾನ್ ಎಂಬುದು ಕಟ್ಟಡವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ಕೆಳಕ್ಕೆ ನೋಡಿದ ನೋಟವಾದ್ದರಿಂದ, ಆ ಕತ್ತರಿಕೆಗಿಂತ ಮೇಲಿರುವ ಸಜ್ಜಾ, ತೊಲೆ, ಲಾಫ್ಟ್, ಬಾಲ್ಕನಿಯ ಚಾಚುಗಳನ್ನು ತುಂಡುಗೆರೆಯಲ್ಲಿ ಕಾಣಿಸುತ್ತಾರೆ. ದುರಸ್ತಿ ಕಾಮಗಾರಿಯ ನಕ್ಷೆಗಳಲ್ಲಿ ಕೆಡವಬೇಕಾದ ಗೋಡೆಗೂ, ನಿವೇಶನದ ನಕ್ಷೆಯಲ್ಲಿ ನೆಲದಡಿಯ ಕೊಳವೆಗೂ ಇದೇ ಗೆರೆ ಬಳಕೆಯಾಗುತ್ತದೆ. ಉದ್ದ ತುಂಡು ಮತ್ತು ಗಿಡ್ಡ ತುಂಡು ಒಂದಾದ ಮೇಲೊಂದು ಬರುವ ಸರಪಳಿ ಗೆರೆ ರಂಧ್ರದ ಅಥವಾ ದಂಡದ ನಡುವಿನ ಅಕ್ಷವನ್ನು ಸೂಚಿಸಿದರೆ, ಉದ್ದ ತುಂಡಿನ ನಂತರ ಎರಡು ಗಿಡ್ಡ ತುಂಡುಗಳು ಬರುವ ಗೆರೆ ಚಲಿಸುವ ಭಾಗವೊಂದು ತಲುಪಬಹುದಾದ ಇನ್ನೊಂದು ಸ್ಥಾನವನ್ನು ಸೂಚಿಸುತ್ತದೆ.

ಈ ವ್ಯತ್ಯಾಸಗಳು ಎಳೆಯುವವರ ಮರ್ಜಿಗೆ ಬಿಟ್ಟವಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 128 ಎಂಬ ಮಾನಕ ಗೆರೆಗಳ ಬಗೆಗಳನ್ನು ನಿಗದಿಪಡಿಸುತ್ತದೆ. ಭಾರತದಲ್ಲಿ ಐಟಿಐ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ತರಗತಿಗಳು ಭಾರತೀಯ ಮಾನಕ ಬ್ಯೂರೊ ಶಾಲಾ ಕಾಲೇಜುಗಳಿಗಾಗಿಯೇ ಹೊರತಂದ ಎಸ್‌ಪಿ 46 ಎಂಬ ಕೈಪಿಡಿಯನ್ನು ಆಧರಿಸುತ್ತವೆ. ಐಎಸ್‌ಒ ಪದ್ಧತಿಯ ವಿಶೇಷವೆಂದರೆ ತುಂಡುಗಳ ಉದ್ದವನ್ನು ಅದು ಮಿಲಿಮೀಟರಿನಲ್ಲಿ ನೇರವಾಗಿ ಹೇಳದೆ ಗೆರೆಯ ದಪ್ಪದ ಮೂಲಕ ಹೇಳುವುದು: ಸಾಧಾರಣ ತುಂಡಿನ ಉದ್ದ ದಪ್ಪದ 12 ಪಟ್ಟು, ತೆರಪು 3 ಪಟ್ಟು, ಸರಪಳಿ ಗೆರೆಯ ಉದ್ದ ತುಂಡು 24 ಪಟ್ಟು. ಅಂದರೆ 0.25 ಮಿಲಿಮೀಟರ್ ದಪ್ಪದ ಗೆರೆಗೆ 3 ಮಿಲಿಮೀಟರಿನ ತುಂಡು, 0.75 ಮಿಲಿಮೀಟರಿನ ತೆರಪು, 0.5 ಮಿಲಿಮೀಟರ್ ದಪ್ಪದ ಗೆರೆಗೆ ಇವೆರಡೂ ಇಮ್ಮಡಿಯಾಗುತ್ತವೆ. ದಪ್ಪಗಳೂ 0.18, 0.25, 0.35, 0.5, 0.7 ಮಿಲಿಮೀಟರ್ ಎಂಬ ಸರಣಿಯಲ್ಲಿ, ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು ಹೆಚ್ಚಾಗುತ್ತ ಹೋಗುತ್ತವೆ. ಎ1, ಎ2, ಎ3 ಹಾಳೆಗಳ ಬದಿಗಳ ನಡುವೆಯೂ ಇದೇ ಅನುಪಾತವಿರುವುದರಿಂದ, ಎ1 ನಕ್ಷೆಯನ್ನು ಎ2ಕ್ಕೆ ಕಿರಿದಾಗಿಸಿದಾಗ 0.7ರ ಗೆರೆ ತಾನಾಗಿ 0.5ರ ಗೆರೆಯಾಗಿ ಸರಣಿಯೊಳಗೇ ಉಳಿಯುತ್ತದೆ.

ಉದ್ದಗಳ ಜೊತೆಗೆ ತುಂಡುಗಳು ಎಲ್ಲಿ ಕೂಡಬೇಕು ಎಂಬ ನಿಯಮಗಳೂ ಇವೆ. ಮರೆಯ ಗೆರೆ ಕಾಣುವ ಗೆರೆಯನ್ನು ಮುಟ್ಟುವ ಕಡೆ ತುಂಡಿನಿಂದಲೇ ಮುಟ್ಟಬೇಕು, ತೆರಪಿನಿಂದಲ್ಲ; ಎರಡು ಮರೆಯ ಗೆರೆಗಳು ಮೂಲೆಯಲ್ಲಿ ಸೇರಿದರೆ ಅಲ್ಲಿ ಎರಡರ ತುಂಡುಗಳೂ ಕೂಡಿ ಮೂಲೆ ಸ್ಪಷ್ಟವಾಗಬೇಕು; ಅಕ್ಷವನ್ನು ಸೂಚಿಸುವ ಸರಪಳಿ ಗೆರೆಗಳು, ಅಂದರೆ ಸೆಂಟರ್ ಲೈನ್‌ಗಳು, ಒಂದನ್ನೊಂದು ಹಾಯುವಾಗ ಉದ್ದ ತುಂಡುಗಳೇ ಹಾಯಬೇಕು. ಕಾಣುವ ಅಂಚಿನ ನೇರಕ್ಕೇ ಮರೆಯ ಅಂಚು ಮುಂದುವರಿದಾಗ ಮಾತ್ರ ನಡುವೆ ತೆರಪು ಬಿಟ್ಟು, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ತೋರಿಸಬೇಕು. ಡ್ರಾಯಿಂಗ್ ಬೋರ್ಡಿನ ಮುಂದೆ ಕುಳಿತ ಡ್ರಾಫ್ಟ್ಸ್‌ಮನ್ ಇವನ್ನೆಲ್ಲ ಕಣ್ಣಳತೆಯಿಂದಲೇ ಪಾಲಿಸುತ್ತಿದ್ದನು; ಕೊನೆಯ ತುಂಡು ಅಂಚನ್ನು ಮುಟ್ಟದೆ ಹೋಗುವಂತಿದ್ದರೆ ಅದಕ್ಕೂ ಮುಂಚಿನ ಎರಡು ಮೂರು ತುಂಡುಗಳನ್ನು ಕೊಂಚ ಹಿಗ್ಗಿಸಿಯೋ ಕುಗ್ಗಿಸಿಯೋ ಸರಿದೂಗಿಸುತ್ತಿದ್ದನು.

ಗೆರೆ ಒಂದೇ, ತುಂಡುಗಳು ಅಲಂಕಾರ

ಕಾಗದದ ಮೇಲಿನ ತುಂಡುಗೆರೆಯಲ್ಲಿ ನಿಜವಾಗಿಯೂ ಹತ್ತಾರು ಬಿಡಿ ಗೆರೆಗಳಿರುತ್ತವೆ. ಕ್ಯಾಡ್ ಕಡತದಲ್ಲಿ ಹಾಗಿಲ್ಲ. ಅಲ್ಲಿ ಇರುವುದು ಆರಂಭ ಬಿಂದು ಮತ್ತು ಅಂತ್ಯ ಬಿಂದುಗಳಿಂದ ಗುರುತಿಸಿದ ಒಂದೇ ಅಖಂಡ ಗೆರೆ, ಜೊತೆಗೆ ಅದನ್ನು ಯಾವ ಮಾದರಿಯಲ್ಲಿ ತೋರಿಸಬೇಕೆಂಬ ಒಂದು ಸೂಚನೆ. ಈ ಸೂಚನೆಗೆ ಲೈನ್‌ಟೈಪ್ ಎಂದು ಹೆಸರು. ಬಟ್ಟೆಯ ಓಡುಹೊಲಿಗೆಯಲ್ಲಿ ದಾರ ಕಾಣದ ಕಡೆಯಲ್ಲೂ ಅಡಿಯಲ್ಲಿ ಮುಂದುವರಿದಿರುವಂತೆ, ತೆರಪುಗಳಿರುವ ಕಡೆಯಲ್ಲೂ ಗೆರೆ ಕಡತದಲ್ಲಿ ಇದ್ದೇ ಇರುತ್ತದೆ. ಆದ್ದರಿಂದಲೇ ತುಂಡುಗೆರೆಯನ್ನು ಒಂದೇ ಏಟಿಗೆ ಹಿಡಿದು ಸರಿಸಬಹುದು, ಅದರ ನಡುಬಿಂದುವನ್ನು ಕರಾರುವಾಕ್ಕಾಗಿ ಹಿಡಿಯಬಹುದು, ಬೇಕೆಂದಾಗ ಅಖಂಡ ಗೆರೆಯಾಗಿ ಬದಲಿಸಬಹುದು.

ಈ ಮಾದರಿಯನ್ನು ಬರೆದಿಡುವ ಕ್ರಮ ಅತ್ಯಂತ ಸರಳವಾದುದು. ಆಟೋಡೆಸ್ಕ್ ಸಂಸ್ಥೆ 1982ರಲ್ಲಿ ಬಿಡುಗಡೆ ಮಾಡಿದ ಆಟೋಕ್ಯಾಡ್ ತಂತ್ರಾಂಶದ ಜೊತೆಯಲ್ಲಿ ಗೆರೆಗಳ ಮಾದರಿಗಳು ಸಾಧಾರಣ ಪಠ್ಯ ಕಡತದಲ್ಲಿ ಬರುತ್ತವೆ. ಅದರಲ್ಲಿ ಪ್ರತಿ ಮಾದರಿಗೆ ಎರಡು ಸಾಲು. ಮೊದಲ ಸಾಲಿನಲ್ಲಿ ಹೆಸರು ಮತ್ತು ವಿವರಣೆ, ಎರಡನೆಯದರಲ್ಲಿ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಅಂಕಿಗಳು. ಮೆಟ್ರಿಕ್ ಕಡತದಲ್ಲಿ ಡ್ಯಾಶ್ಡ್ ಎಂಬ ಮಾದರಿಯ ಅಂಕಿಗಳು 12.7 ಮತ್ತು ಋಣ 6.35. ಧನಸಂಖ್ಯೆ ತುಂಡಿನ ಉದ್ದ, ಋಣಸಂಖ್ಯೆ ತೆರಪಿನ ಉದ್ದ, ಸೊನ್ನೆ ಬಂದರೆ ಅದು ಒಂದು ಚುಕ್ಕೆ. ಈ ಋಣಚಿಹ್ನೆಯ ಹಿಂದೆ ಪೆನ್ ಪ್ಲಾಟರ್ ಎಂಬ ಯಂತ್ರದ ನಡೆ ಇದೆ. ಶಾಯಿಯ ಪೆನ್ನನ್ನು ಹಾಳೆಯ ಮೇಲೆ ಓಡಿಸಿ ನಕ್ಷೆ ಬಿಡಿಸುತ್ತಿದ್ದ ಆ ಯಂತ್ರಕ್ಕೆ ಧನಸಂಖ್ಯೆಯೆಂದರೆ ಪೆನ್ನನ್ನು ಊರಿಕೊಂಡು ಸಾಗು ಎಂದೂ, ಋಣಸಂಖ್ಯೆಯೆಂದರೆ ಪೆನ್ನನ್ನು ಎತ್ತಿಕೊಂಡು ಸಾಗು ಎಂದೂ ಅರ್ಥ. 12.7 ಎಂಬ ವಿಚಿತ್ರ ಅಂಕಿಯೂ ಅಮೆರಿಕದ ಬಳಕೆಯಿಂದ ಬಂದದ್ದು. ಇಂಚಿನ ಕಡತದಲ್ಲಿ ಅದೇ ಮಾದರಿಯ ತುಂಡು ಅರ್ಧ ಇಂಚು, ತೆರಪು ಕಾಲು ಇಂಚು. ಐಎಸ್‌ಒ ಹೆಸರಿನ ಮಾದರಿಗಳು ಅದೇ ಕಡತದಲ್ಲಿ ಪ್ರತ್ಯೇಕವಾಗಿ ಇದ್ದು, ಅವುಗಳಲ್ಲಿ ತುಂಡುಗೆರೆಯ ಅಂಕಿಗಳು 12 ಮತ್ತು ಋಣ 3. 1 ಮಿಲಿಮೀಟರ್ ದಪ್ಪದ ಪೆನ್ನಿಗೆ ಹೊಂದುವಂತೆ ಅವುಗಳನ್ನು ಬರೆಯಲಾಗಿದೆ.

ಎರಡನೆಯ ಸಾಲಿನ ಆರಂಭದಲ್ಲಿ ಇಂಗ್ಲಿಷಿನ ಎ ಅಕ್ಷರವೊಂದು ಇರುತ್ತದೆ. ಗೆರೆಯ ಎರಡೂ ತುದಿಗಳಲ್ಲಿ ತೆರಪು ಬಾರದೆ ತುಂಡುಗಳೇ ಬರುವಂತೆ ಮಾದರಿಯನ್ನು ಹೊಂದಿಸಬೇಕೆಂಬುದು ಅದರ ಆದೇಶ. ತಂತ್ರಾಂಶವು ಗೆರೆಯ ಉದ್ದದಲ್ಲಿ ಮಾದರಿ ಎಷ್ಟು ಸಲ ಪೂರ್ತಿಯಾಗಿ ಹಿಡಿಯುತ್ತದೆಂದು ಲೆಕ್ಕ ಹಾಕಿ, ಉಳಿದ ಚೂರನ್ನು ಮೊದಲ ಮತ್ತು ಕೊನೆಯ ತುಂಡುಗಳಿಗೆ ಹಂಚುತ್ತದೆ. ಡ್ರಾಫ್ಟ್ಸ್‌ಮನ್ ಕಣ್ಣಳತೆಯಿಂದ ಮಾಡುತ್ತಿದ್ದ ಸರಿದೂಗಿಸುವಿಕೆಯೇ ಇಲ್ಲಿ ಭಾಗಾಕಾರದ ರೂಪ ಪಡೆದಿದೆ. ಗೆರೆ ಇಡೀ ಮಾದರಿಯ ಒಂದು ಸುತ್ತಿಗೂ ಸಾಲದಷ್ಟು ಗಿಡ್ಡದಾಗಿದ್ದರೆ ತಂತ್ರಾಂಶ ಅದನ್ನು ಅಖಂಡವಾಗಿಯೇ ಎಳೆದುಬಿಡುತ್ತದೆ ಎಂಬುದು ಈ ಲೆಕ್ಕದ ಒಂದು ಮುಖ್ಯ ಫಲಿತಾಂಶ.

ಒಂದೇ ಲಕ್ಷಣ, ಎರಡು ಕಾರಣ

ಬೋರ್ಡಿನ ಮೇಲೆ ನಕ್ಷೆ ಎಳೆಯುವಾಗ 12 ಮೀಟರಿನ ಗೋಡೆಯನ್ನು 1:100ರ ಸ್ಕೇಲಿನಲ್ಲಿ 120 ಮಿಲಿಮೀಟರಿಗೆ ಇಳಿಸಿಯೇ ಎಳೆಯಬೇಕಿತ್ತು. ಗೋಡೆಯ ಉದ್ದ, ತುಂಡಿನ ಉದ್ದ ಎರಡೂ ಹಾಳೆಯ ಅಳತೆಯಲ್ಲೇ ಇರುತ್ತಿದ್ದುದರಿಂದ ಅವುಗಳ ನಡುವೆ ತಕರಾರು ಹುಟ್ಟಲು ಆಸ್ಪದವಿರಲಿಲ್ಲ. ಕ್ಯಾಡ್ ಪದ್ಧತಿಯಲ್ಲಿ ಗೋಡೆಯನ್ನು ಅದರ ನಿಜವಾದ ಅಳತೆಯಲ್ಲೇ, 12,000 ಮಿಲಿಮೀಟರ್ ಎಂದೇ ಎಳೆಯಲಾಗುತ್ತದೆ. ಸ್ಕೇಲಿನ ಪ್ರಶ್ನೆ ಮುದ್ರಿಸುವ ಹೊತ್ತಿಗೆ ಮಾತ್ರ ಬರುತ್ತದೆ. ಅಳತೆಯ ತಪ್ಪುಗಳನ್ನು ಬಹುವಾಗಿ ತಗ್ಗಿಸಿದ ಈ ಅನುಕೂಲದ ಇನ್ನೊಂದು ಮಗ್ಗುಲೆಂದರೆ, ತುಂಡುಗಳೂ ನಿಜವಾದ ಗೋಡೆಯ ಪಕ್ಕದಲ್ಲಿ ನಿಜವಾದ ಮಿಲಿಮೀಟರುಗಳಾಗಿ ನಿಲ್ಲುವುದು.

ಲೆಕ್ಕವನ್ನು ಮುಂದುವರಿಸಿದರೆ ತೊಡಕು ಸ್ಪಷ್ಟವಾಗುತ್ತದೆ. ಡ್ಯಾಶ್ಡ್ ಮಾದರಿಯ ಒಂದು ಸುತ್ತು 12.7 ಮತ್ತು 6.35 ಸೇರಿ 19.05 ಮಿಲಿಮೀಟರ್ ಆಗುವುದರಿಂದ 12,000 ಮಿಲಿಮೀಟರಿನ ಗೆರೆಯಲ್ಲಿ ಅದು ಸುಮಾರು 630 ಸಲ ಮರುಕಳಿಸುತ್ತದೆ. 1:100ರಲ್ಲಿ ಮುದ್ರಿಸಿದಾಗ ಪ್ರತಿ ತುಂಡು 0.127 ಮಿಲಿಮೀಟರಿಗೂ, ಪ್ರತಿ ತೆರಪು 0.0635 ಮಿಲಿಮೀಟರಿಗೂ ಇಳಿಯುತ್ತದೆ. ಗೆರೆಯ ದಪ್ಪವೇ ಅದಕ್ಕಿಂತ ಹೆಚ್ಚಿರುವಾಗ ತೆರಪುಗಳು ಶಾಯಿಯಲ್ಲಿ ಮುಳುಗಿ ಗೆರೆ ಅಖಂಡವಾಗಿ ಕಾಣುತ್ತದೆ. ಅದೇ ಗೋಡೆಯನ್ನು ಮಿಲಿಮೀಟರಿನ ಬದಲು ಮೀಟರುಗಳಲ್ಲಿ ಎಳೆದರೆ ಅದರ ಉದ್ದ ತಂತ್ರಾಂಶದ ಪಾಲಿಗೆ ಬರೀ 12 ಮಾನ, 19.05 ಮಾನದ ಮಾದರಿ ಅದರಲ್ಲಿ ಒಮ್ಮೆಯೂ ಹಿಡಿಯದಾದ್ದರಿಂದ ಆಗಲೂ ಗೆರೆ ಅಖಂಡವೇ. ಮಾದರಿ ತೀರ ಚಿಕ್ಕದಾದರೂ ತೀರ ದೊಡ್ಡದಾದರೂ ಕಣ್ಣಿಗೆ ಕಾಣುವ ಲಕ್ಷಣ ಒಂದೇ ಆಗಿರುವುದರಿಂದ, ಕಾರಣ ತಿಳಿಯದೆ ಅಂಕಿಗಳನ್ನು ಹಿಂದುಮುಂದಾಗಿ ಬದಲಿಸಿದವರಿಗೆ ಉತ್ತರ ಸಿಗದೆ ಹೋಗುತ್ತದೆ. ಪರದೆಯ ಮೇಲೆ ಗೆರೆಯ ಸಮೀಪಕ್ಕೆ ಝೂಮ್ ಮಾಡಿ ನೋಡುವುದು ಇದಕ್ಕಿರುವ ಸುಲಭ ಪರೀಕ್ಷೆ: ಹತ್ತಿರ ಹೋದಂತೆ ತುಂಡುಗಳು ಕಾಣಿಸಿಕೊಂಡರೆ ಮಾದರಿ ಚಿಕ್ಕದಾಗಿದೆ, ಎಷ್ಟು ಹತ್ತಿರ ಹೋದರೂ ಕಾಣಿಸದಿದ್ದರೆ ದೊಡ್ಡದಾಗಿದೆ ಎಂದರ್ಥ.

ಇದಕ್ಕೆ ಆಟೋಕ್ಯಾಡ್ ಕೊಟ್ಟ ಮೊದಲ ಪರಿಹಾರ ಎಲ್‌ಟಿಸ್ಕೇಲ್ ಎಂಬ ಒಂದು ಗುಣಕ. ಇಡೀ ನಕ್ಷೆಯ ಎಲ್ಲ ಮಾದರಿಗಳನ್ನೂ ಅದು ಒಟ್ಟಿಗೇ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಮೇಲಿನ ಗೋಡೆಗೆ ಎಲ್‌ಟಿಸ್ಕೇಲನ್ನು 50 ಎಂದು ಕೊಟ್ಟರೆ ತುಂಡು ನಿಜದ ಅಳತೆಯಲ್ಲಿ 635 ಮಿಲಿಮೀಟರ್ ಆಗಿ 1:100ರ ಹಾಳೆಯ ಮೇಲೆ 6.35 ಮಿಲಿಮೀಟರಿನ ಓದಬಲ್ಲ ತುಂಡಾಗುತ್ತದೆ. ಮೀಟರಿನಲ್ಲಿ ಎಳೆದ ನಕ್ಷೆಗೆ ಅದೇ ಫಲ ಬೇಕಾದರೆ ಗುಣಕ 0.05 ಆಗಬೇಕು. ನಕ್ಷೆಯಲ್ಲಿ ಒಂದೆರಡು ಗೆರೆಗಳು ಮಾತ್ರ ಗಿಡ್ಡವಾಗಿದ್ದು ಅವಷ್ಟೇ ಅಖಂಡವಾಗಿ ಉಳಿದರೆ, ಆ ಗೆರೆಗಳ ಗುಣಲಕ್ಷಣಗಳಲ್ಲಿ ಪ್ರತ್ಯೇಕ ಗುಣಕವನ್ನು ಕೊಡಲು ಅವಕಾಶವಿದೆ. ಅಂತಿಮ ಅಳತೆ ಇವೆರಡು ಗುಣಕಗಳ ಗುಣಲಬ್ಧವಾಗಿರುತ್ತದೆ. ಮಾದರಿಯ ಹೆಸರಿನ ಮುಂದೆ 2 ಎಂದಿದ್ದರೆ ಅರ್ಧದಳತೆಯ, ಎಕ್ಸ್2 ಎಂದಿದ್ದರೆ ಇಮ್ಮಡಿ ಅಳತೆಯ ಸಿದ್ಧ ಮಾದರಿಗಳೂ ಕಡತದಲ್ಲಿಯೇ ಇವೆ.

ಒಂದೇ ಹಾಳೆಯ ಮೇಲೆ 1:100ರ ಪ್ಲ್ಯಾನ್ ಮತ್ತು 1:20ರ ಮೆಟ್ಟಿಲಿನ ವಿವರ ಎರಡೂ ಬೇಕಾದಾಗ ಒಂದೇ ಗುಣಕ ಸಾಲದು. ಒಂದಕ್ಕೆ ಹಿತವಾದ ತುಂಡು ಇನ್ನೊಂದರಲ್ಲಿ ಐದು ಪಟ್ಟು ಉದ್ದವಾಗುತ್ತದೆ. 1990ರಲ್ಲಿ ಬಂದ ಆಟೋಕ್ಯಾಡಿನ 11ನೆಯ ಆವೃತ್ತಿ ಪೇಪರ್ ಸ್ಪೇಸ್ ಎಂಬ ಕಲ್ಪನೆಯನ್ನು ತಂದಿತು. ವಸ್ತುವನ್ನು ನಿಜದಳತೆಯಲ್ಲಿ ಎಳೆಯುವ ಆವರಣ ಮಾಡೆಲ್ ಸ್ಪೇಸ್; ಮುದ್ರಣದ ಹಾಳೆಯನ್ನು ಪ್ರತಿನಿಧಿಸುವ ಆವರಣ ಪೇಪರ್ ಸ್ಪೇಸ್; ಹಾಳೆಯಲ್ಲಿ ಕಿಟಕಿಗಳಂತೆ ತೆರೆಯುವ ವ್ಯೂಪೋರ್ಟ್‌ಗಳ ಮೂಲಕ ಅದೇ ವಸ್ತು ಬೇರೆ ಬೇರೆ ಸ್ಕೇಲಿನಲ್ಲಿ ಕಾಣುತ್ತದೆ. ಪಿಎಸ್‌ಎಲ್‌ಟಿಸ್ಕೇಲ್ ಎಂಬ ಸ್ವಿಚ್ಚನ್ನು 1ಕ್ಕೆ ಇಟ್ಟರೆ ತುಂಡುಗಳ ಉದ್ದವನ್ನು ತಂತ್ರಾಂಶ ಹಾಳೆಯ ಅಳತೆಯಲ್ಲೇ ಎಣಿಸುತ್ತದೆ, ಹೀಗಾಗಿ ಯಾವ ಕಿಟಕಿಯಲ್ಲಿ ನೋಡಿದರೂ ತುಂಡು ಒಂದೇ ಉದ್ದವಾಗಿರುತ್ತದೆ. ಬೋರ್ಡಿನ ಕಾಲದಲ್ಲಿ ಹೇಳದೆಯೇ ನಡೆಯುತ್ತಿದ್ದ ವಿಭಜನೆ, ಅಂದರೆ ಗೆರೆಯ ಉದ್ದ ವಸ್ತುವಿನದು ಮತ್ತು ತುಂಡಿನ ಉದ್ದ ಹಾಳೆಯದು ಎಂಬ ತಿಳಿವಳಿಕೆ, ಇಲ್ಲಿ ತಂತ್ರಾಂಶದ ರಚನೆಯೊಳಗೇ ಸೇರಿಕೊಂಡಿತು. ಈ ಸ್ವಿಚ್ಚನ್ನು ಬದಲಿಸಿದ ಮೇಲೆ ನಕ್ಷೆಯನ್ನು ಮರುರಚಿಸುವ ರೀಜೆನ್ ಆದೇಶ ಕೊಡದಿದ್ದರೆ ಹಳೆಯ ರೂಪವೇ ಪರದೆಯ ಮೇಲೆ ಉಳಿಯುತ್ತದೆಂಬುದನ್ನು ಮರೆಯುವವರು ಕಡಿಮೆಯಲ್ಲ.

ಮೂಲೆ, ತಿರುವು ಮತ್ತು ಹೊಳೆಯ ದಂಡೆ

ನೇರ ಗೆರೆಯ ಲೆಕ್ಕ ಮುಗಿದರೂ ಬಾಗುವ ಗೆರೆಯ ಲೆಕ್ಕ ಉಳಿಯುತ್ತದೆ. ಹಲವು ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ಒಂದೇ ವಸ್ತುವಾಗಿ ಪರಿಗಣಿಸುವ ಪಾಲಿಲೈನ್ ಎಂಬ ಗೆರೆಯಲ್ಲಿ ತುಂಡುಗಳ ಮಾದರಿ ಪ್ರತಿ ಗೆಣ್ಣಿನಲ್ಲೂ ಹೊಸದಾಗಿ ಆರಂಭವಾಗಬೇಕೇ, ಅಥವಾ ಗೆಣ್ಣುಗಳನ್ನು ಲೆಕ್ಕಿಸದೆ ಉದ್ದಕ್ಕೂ ಹರಿಯಬೇಕೇ ಎಂಬ ಪ್ರಶ್ನೆ ಏಳುತ್ತದೆ. ಸರ್ವೆಯಲ್ಲಿ ಅಳೆದ ಬಿಂದುಗಳನ್ನು ಕೂಡಿಸಿ ಎಳೆದ ಹೊಳೆಯ ದಂಡೆಯಲ್ಲೋ ಭೂಮಿಯ ಎತ್ತರ ತೋರಿಸುವ ಸಮೋನ್ನತಿ ರೇಖೆಯಲ್ಲೋ ನೂರಾರು ಗಿಡ್ಡ ತುಣುಕುಗಳಿರುತ್ತವೆ. ಪ್ರತಿ ತುಣುಕೂ ಮಾದರಿಯ ಒಂದು ಸುತ್ತಿಗಿಂತ ಗಿಡ್ಡವಾಗಿದ್ದರೆ ಪ್ರತಿಯೊಂದೂ ಅಖಂಡವಾಗಿ ಮೂಡಿ, ಕಿಲೋಮೀಟರುಗಟ್ಟಲೆ ಉದ್ದದ ರೇಖೆಯಲ್ಲಿ ಒಂದೇ ಒಂದು ತೆರಪೂ ಕಾಣದೆ ಹೋಗುತ್ತದೆ. ಪಿಲೈನ್‌ಜೆನ್ ಎಂಬ ಸ್ವಿಚ್ಚನ್ನು 1ಕ್ಕೆ ಇಟ್ಟರೆ ಮಾದರಿ ಆರಂಭದಿಂದ ಅಂತ್ಯದವರೆಗೆ ನಿರಂತರವಾಗಿ ಹರಿದು ಈ ತೊಂದರೆ ನೀಗುತ್ತದೆ. ಆದರೆ ಅದೇ ಸ್ವಿಚ್ಚನ್ನು ಯಂತ್ರಭಾಗದ ಆಯತಾಕಾರದ ಮರೆಯ ಅಂಚಿಗೆ ಬಳಸಿದರೆ ಮೂಲೆಗಳು ತೆರಪಿನಲ್ಲಿ ಬಿದ್ದು, ಮೂಲೆಯಲ್ಲಿ ತುಂಡುಗಳೇ ಕೂಡಬೇಕೆಂಬ ಮಾನಕದ ನಿಯಮ ಮುರಿಯುತ್ತದೆ. ಹೊಳೆಗೆ ಸರಿಯಾದದ್ದು ಯಂತ್ರಕ್ಕೆ ಸರಿಯಲ್ಲವೆಂಬ ಕಾರಣಕ್ಕೇ ಇದನ್ನು ಆಯ್ಕೆಯಾಗಿ ಉಳಿಸಲಾಗಿದೆ.

ಗೆರೆ ಅಖಂಡವಾಗಿ ಕಾಣಲು ಇನ್ನೂ ಕೆಲವು ಕಾರಣಗಳಿವೆ. ಒಂದರ ಮೇಲೊಂದು ಎರಡು ತುಂಡುಗೆರೆಗಳು ಅರಿವಿಲ್ಲದೆ ಬಿದ್ದಿದ್ದರೆ ಒಂದರ ತುಂಡು ಇನ್ನೊಂದರ ತೆರಪನ್ನು ಮುಚ್ಚುತ್ತದೆ. ಇಂಥ ನಕಲುಗಳನ್ನು ಹುಡುಕಿ ಅಳಿಸಲೆಂದೇ ಓವರ್‌ಕಿಲ್ ಎಂಬ ಆದೇಶವಿದೆ. ಗೆರೆಯ ತುದಿಗಳನ್ನು ಗುಂಡಗೆ ಮುಗಿಸುವ ಮುದ್ರಣ ಕ್ರಮದಲ್ಲಿ ಪ್ರತಿ ತುಂಡೂ ಎರಡೂ ಕಡೆ ದಪ್ಪದ ಅರ್ಧದಷ್ಟು ಹೊರಚಾಚುವುದರಿಂದ, ತೆರಪು ದಪ್ಪಕ್ಕೆ ಸಮನಾಗಿದ್ದರೆ ಅದು ಪೂರ್ತಿ ಮುಚ್ಚಿಹೋಗುತ್ತದೆ. ಐಎಸ್‌ಒ ತೆರಪನ್ನು ದಪ್ಪದ 3 ಪಟ್ಟು ಇರಿಸಿದ್ದರಲ್ಲಿ ಇಂಥ ನಷ್ಟಕ್ಕೂ ಎಡೆ ಉಳಿಯುತ್ತದೆ.

ನಕ್ಷೆಯಿಂದಾಚೆಗೆ

ತುಂಡುಗೆರೆಯ ಅಳತೆಯನ್ನು ಯಾವುದಕ್ಕೆ ಕಟ್ಟಬೇಕೆಂಬ ಪ್ರಶ್ನೆಗೆ ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಅಡೋಬ್ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಮುದ್ರಣ ಭಾಷೆ ಮತ್ತು ಅದರಿಂದ ಬೆಳೆದ ಪಿಡಿಎಫ್ ಕಡತಗಳಲ್ಲಿ ತುಂಡು ಮತ್ತು ತೆರಪುಗಳ ಒಂದು ಪಟ್ಟಿ ಹಾಗೂ ಮಾದರಿಯನ್ನು ಎಲ್ಲಿಂದ ಆರಂಭಿಸಬೇಕೆಂಬ ಒಂದು ಅಂಕಿ ಇರುತ್ತವೆ. ಗೆರೆಯ ತುದಿಗೆ ತುಂಡನ್ನೇ ತಂದು ನಿಲ್ಲಿಸುವ ಹೊಣೆಯನ್ನು ಅವು ಹೊರುವುದಿಲ್ಲ, ಗೆರೆ ಮುಗಿದಲ್ಲಿ ಮಾದರಿಯನ್ನು ಕತ್ತರಿಸಿಬಿಡುತ್ತವೆ. ಪರದೆಯ ಮೇಲೆ ಚಿತ್ರ ಮೂಡಿಸುವ ಓಪನ್‌ಜಿಎಲ್ ಎಂಬ ವ್ಯವಸ್ಥೆಯ ಹಳೆಯ ಆವೃತ್ತಿಗಳು 16 ಬಿಟ್‌ಗಳ ಮಾದರಿಯೊಂದನ್ನು ಪರದೆಯ ಚುಕ್ಕೆಗಳಿಗೆ ಹೊಂದಿಸುತ್ತಿದ್ದವು; ಎಷ್ಟು ಝೂಮ್ ಮಾಡಿದರೂ ತುಂಡುಗಳು ಬೆಳೆಯುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳನ್ನು ವಿನ್ಯಾಸಗೊಳಿಸುವ ಕೈಕ್ಯಾಡ್ ಎಂಬ ಮುಕ್ತ ತಂತ್ರಾಂಶ ಐಎಸ್‌ಒ ದಾರಿಯಲ್ಲೇ ನಡೆದು ತುಂಡಿನ ಉದ್ದವನ್ನು ಗೆರೆಯ ದಪ್ಪದ ಗುಣಕವಾಗಿ ಕೇಳುತ್ತದೆ. ವಸ್ತು, ಹಾಳೆ, ಪರದೆ, ದಪ್ಪ ಎಂಬ ಈ ನಾಲ್ಕು ಆಧಾರಗಳಲ್ಲಿ ಯಾವುದನ್ನು ತಂತ್ರಾಂಶ ಆರಿಸಿದೆಯೆಂದು ತಿಳಿದರೆ ಅದರ ತುಂಡುಗೆರೆಯ ವರ್ತನೆಯನ್ನೂ ಮುಂಚಿತವಾಗಿ ಊಹಿಸಬಹುದು.

ಗೆರೆ ಒಂದೇ, ತುಂಡುಗಳು ತೋರಿಕೆಯವು ಎಂಬ ಸಂಗತಿ ಕತ್ತರಿಸುವ ಯಂತ್ರಗಳ ಮುಂದೆ ಬಂದಾಗ ಗಂಭೀರವಾಗುತ್ತದೆ. ರಟ್ಟಿನ ಪೆಟ್ಟಿಗೆಯ ಮಡಿಕೆಯ ಸಾಲಿನಲ್ಲಿ ತುಂಡುತುಂಡಾಗಿ ರಂಧ್ರ ಹೊಡೆಯಬೇಕೆಂದು ವಿನ್ಯಾಸಕ ತುಂಡುಗೆರೆಯನ್ನು ಎಳೆದರೂ, ಲೇಸರ್ ಯಂತ್ರದ ತಂತ್ರಾಂಶ ಸಾಮಾನ್ಯವಾಗಿ ಕಡತದಲ್ಲಿರುವ ಅಖಂಡ ಗೆರೆಯನ್ನೇ ಓದಿ ರಟ್ಟನ್ನು ಈ ತುದಿಯಿಂದ ಆ ತುದಿಗೆ ಕತ್ತರಿಸಿಬಿಡಬಹುದು. ಅಲ್ಲಿ ತೆರಪು ನಿಜವಾಗಿಯೂ ಬೇಕಾದ್ದರಿಂದ ಪ್ರತಿ ತುಂಡನ್ನೂ ಬಿಡಿ ಗೆರೆಯಾಗಿ ಎಳೆಯಬೇಕಾಗುತ್ತದೆ, ಅಥವಾ ಯಂತ್ರದ ತಂತ್ರಾಂಶದಲ್ಲೇ ರಂಧ್ರಗಳ ಅಂತರವನ್ನು ಸೂಚಿಸಬೇಕಾಗುತ್ತದೆ.

ಮೂರು ಆಯಾಮದ ಮಾದರಿಯಿಂದಲೇ ನಕ್ಷೆಯನ್ನು ತೆಗೆಯುವ ಇಂದಿನ ತಂತ್ರಾಂಶಗಳಲ್ಲಿ ಯಾವ ಅಂಚು ಮರೆಯಾಗಿದೆಯೆಂಬುದನ್ನೂ ಯಂತ್ರವೇ ಕಂಡುಕೊಳ್ಳುತ್ತದೆ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ನಕ್ಷೆ ಎಳೆಯುವ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ಮಂಡಿಸಿದ 1963ರಲ್ಲೇ, ಅಲ್ಲಿಯೇ ಸಂಶೋಧನೆ ನಡೆಸಿದ ಲಾರೆನ್ಸ್ ರಾಬರ್ಟ್ಸ್ ಘನವಸ್ತುವಿನ ಮರೆಯ ಅಂಚುಗಳನ್ನು ಲೆಕ್ಕದಿಂದ ಗುರುತಿಸುವ ವಿಧಾನವನ್ನು ಕೊಟ್ಟರು. ಆ ಕವಲು ಬೆಳೆದ ಫಲವಾಗಿ ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಫ್ರೀಕ್ಯಾಡ್‌ನಂಥ ತಂತ್ರಾಂಶಗಳಲ್ಲಿ ಒಂದು ಗುಂಡಿ ಒತ್ತಿದರೆ ಮರೆಯ ಅಂಚುಗಳೆಲ್ಲ ತುಂಡುಗೆರೆಗಳಾಗಿ ಮೂಡುತ್ತವೆ. ಅನುಭವಿ ವಿನ್ಯಾಸಕರು ಆ ಗುಂಡಿಯನ್ನು ಅಳೆದೂ ಸುರಿದೂ ಬಳಸುತ್ತಾರೆ, ಏಕೆಂದರೆ ಹತ್ತಾರು ರಂಧ್ರಗಳಿರುವ ಭಾಗದಲ್ಲಿ ಎಲ್ಲ ಮರೆಯ ಅಂಚುಗಳನ್ನೂ ತೋರಿಸಿದರೆ ನಕ್ಷೆ ತುಂಡುಗೆರೆಗಳ ಗೋಜಲಾಗುತ್ತದೆ; ಓದುಗರಿಗೆ ಬೇಕಾದ ಅಂಚನ್ನಷ್ಟೇ ಉಳಿಸಿ, ಉಳಿದುದಕ್ಕೆ ವಸ್ತುವನ್ನು ಸೀಳಿ ತೋರಿಸುವ ಸೆಕ್ಷನ್ ನೋಟವನ್ನು ಕೊಡುವುದು ಮೇಲು.

ಹೀಗೆ ಮರೆಯ ಅಂಚನ್ನು ಹುಡುಕುವ ಶ್ರಮ ಯಂತ್ರಕ್ಕೆ ದಾಟಿದರೂ ನಿರ್ಧಾರಗಳು ಮನುಷ್ಯರಲ್ಲೇ ಉಳಿದಿವೆ, ಮತ್ತು ಅವುಗಳನ್ನು ಕೆಲಸದ ಆರಂಭದಲ್ಲೇ ತೆಗೆದುಕೊಳ್ಳಬೇಕಾಗುತ್ತದೆ. ನಕ್ಷೆಯನ್ನು ಯಾವ ಮಾನದಲ್ಲಿ ಎಳೆಯಲಾಗುತ್ತದೆ, ಯಾವ ಸ್ಕೇಲಿನಲ್ಲಿ ಮುದ್ರಿಸಲಾಗುತ್ತದೆ, ಗೆರೆಯ ದಪ್ಪ ಎಷ್ಟು ಎಂಬ ಮೂರು ಸಂಗತಿಗಳು ನಿಶ್ಚಯವಾದರೆ ತುಂಡಿನ ಉದ್ದ ಗುಣಾಕಾರದಿಂದ ತಾನಾಗಿ ಸಿಗುತ್ತದೆ. ಅವು ನಿಶ್ಚಯವಾಗದಿದ್ದರೆ ಎಷ್ಟು ಗುಣಕಗಳನ್ನು ಬದಲಿಸಿದರೂ ಕೈಗೆಟುಕುವುದಿಲ್ಲ. ಎ1 ಹಾಳೆಗೆಂದು ಸಿದ್ಧಪಡಿಸಿದ ನಕ್ಷೆ ಕಾಮಗಾರಿಯ ಸ್ಥಳಕ್ಕೆ ಎ3 ಹಾಳೆಯಲ್ಲಿ ಹೋಗುವುದು ವಾಡಿಕೆಯಾಗಿರುವಾಗ ತುಂಡು, ತೆರಪು, ದಪ್ಪ ಮೂರೂ ಅರ್ಧಕ್ಕಿಳಿಯುತ್ತವೆ. ಪರದೆಯ ಮೇಲೆ ಸೊಗಸಾಗಿ ಕಂಡ 1 ಮಿಲಿಮೀಟರಿನ ತೆರಪು ಅಲ್ಲಿ ಅರ್ಧ ಮಿಲಿಮೀಟರಾಗಿ, ಜೆರಾಕ್ಸ್ ಪ್ರತಿಯಲ್ಲಿ ಮುಚ್ಚಿಯೇ ಹೋಗಬಹುದು. ಆಗ ತಲೆಯ ಮೇಲಿನ ತೊಲೆಗೂ ನೆಲದ ಮೇಲಿನ ಗೋಡೆಗೂ ವ್ಯತ್ಯಾಸ ತಿಳಿಸುವ ಗುರುತೇ ನಕ್ಷೆಯಿಂದ ಅಳಿಸಿಹೋದಂತಾಗುತ್ತದೆ. ಆದ್ದರಿಂದ ತುಂಡುಗೆರೆಯ ಅಳತೆಯನ್ನು ನಿಗದಿಪಡಿಸಬೇಕಾದದ್ದು ಎಳೆಯುವವರ ಪರದೆಯನ್ನು ನೋಡಿಯಲ್ಲ, ಮೇಸ್ತ್ರಿಯ ಕೈಗೆ ಹೋಗುವ ಅತಿ ಚಿಕ್ಕ ಪ್ರತಿಯನ್ನು ಒಮ್ಮೆ ಮುದ್ರಿಸಿ, ಅದರಲ್ಲಿ ತೆರಪುಗಳು ಉಳಿದಿವೆಯೇ ಎಂದು ಪರೀಕ್ಷಿಸಿದ ಮೇಲೆಯೇ.